ಕುರಿ ತರುಬಿ ಕಟ್ಟಿದ ತರಗತಿ

ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಿಂದ ಒಳಗೆ, ಹಳ್ಳ ದಾಟಿದರೆ ಸಿಗುವ ಸಣ್ಣ ಊರೊಂದರ ಕನ್ನಡ ಶಾಲೆಯಲ್ಲಿ ಹೊಸ ಕೋಣೆಯಿದೆ. ಅದರ ಗೋಡೆಯಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲಿಲ್ಲ. ಈ ಸೀಮೆಯಲ್ಲಿ ಇದು ಅಪರೂಪ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೂ ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಯಾರ ಸ್ಮರಣಾರ್ಥ ಎಂಬ ವಿವರ ಇಲ್ಲಿ ತಪ್ಪದೆ ಇರುತ್ತದೆ. ಕಲ್ಲು ಏಕಿಲ್ಲ ಎಂದು ಕೇಳಿದರೆ ಊರಿನವರು ಶಾಲೆಯ ಅಡುಗೆಮನೆಯ ಕಡೆಗೆ ಕೈ ತೋರಿಸುತ್ತಾರೆ. ಅಲ್ಲಿ ಸಾವಂತ್ರವ್ವ ಇರುತ್ತಾಳೆ.

ಸಾವಂತ್ರವ್ವ ಆ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಕುರುಬರ ಮನೆಯ ಹೆಣ್ಣು. ಚಿಕ್ಕಂದಿನಲ್ಲಿ ಶಾಲೆಗಿಂತ ಕುರಿಹಿಂಡಿನ ಹಿಂದೆ ನಡೆದದ್ದೇ ಹೆಚ್ಚು. ಮಗ ಮೈಲಾರಲಿಂಗ ಇಂದಿಗೂ ಕುರಿ ಕಾಯುತ್ತಾನೆ. ಕೋಣೆ ಕಟ್ಟಿದ ವರ್ಷ ಅವನ ಮಗಳು ಪ್ರಮಿಳಾ ಏಳನೆಯ ತರಗತಿಯಲ್ಲಿದ್ದಳು. ಊರಿನ ಶಾಲೆ ಏಳನೆಯದಕ್ಕೇ ನಿಲ್ಲುತ್ತಿತ್ತು. ಮುಂದೆ ಓದಬೇಕಾದರೆ ಬೀಡಿಗೆ ಹೋಗಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲ. ಹಾಗಾಗಿ ಪ್ರತಿ ವರ್ಷವೂ ಕೆಲವು ಹುಡುಗಿಯರ ಓದು ಹಳ್ಳದ ಈಚೆಯ ದಂಡೆಯಲ್ಲೇ ಮುಗಿಯುತ್ತಿತ್ತು.

ಮೈಲಾರಲಿಂಗ ತಾಯಿಗೆ ಮೊದಲೇ ಹೇಳಿಬಿಟ್ಟಿದ್ದ. "ಏಳನೇದು ಮುಗಿಸಿದ್ರ ಸಾಕು ಬಿಡಬೇ. ಕುರಿ ಹಿಂದ ನನಗೂ ಒಂದ ಜೀವ ಬೇಕಾಗೇತಿ."

ಅದೇ ಚಳಿಗಾಲದಲ್ಲಿ ಮುಖ್ಯೋಪಾಧ್ಯಾಯಿನಿ ನಾಗರತ್ನಾ ಒಂದು ಸುದ್ದಿ ತಂದರು. ಜೂನ್ ತಿಂಗಳಿಗೆ ಮುಂಚೆ ಪ್ರತ್ಯೇಕ ಕೋಣೆಯೊಂದು ಸಿದ್ಧವಾದರೆ ಇಲ್ಲೇ ಎಂಟನೆಯ ತರಗತಿ ತೆರೆಯಲು ಅನುಮತಿ ಸಿಗುತ್ತದೆ. ಆದರೆ ಕೋಣೆಯನ್ನು ಊರೇ ಕಟ್ಟಿಕೊಳ್ಳಬೇಕು.

ಸಭೆ ಕರೆದರು. ಊರಿನಲ್ಲಿ ಕಬ್ಬಿನ ಗದ್ದೆಯೂ ಇಟ್ಟಿಗೆ ಭಟ್ಟಿಯೂ ಇರುವ ಬಸಲಿಂಗಪ್ಪ ಮುಂದೆ ಕುಳಿತಿದ್ದ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರ ಮಾಡುವ ಅವನ ತಮ್ಮ ಅಮರನೂ ಬಂದಿದ್ದ. ಆಸ್ತಿ ಪಾಲಾದ ಮೇಲೆ ಇಬ್ಬರ ನಡುವೆ ಮಾತಿರಲಿಲ್ಲ. ಚಂದಾ ಎಷ್ಟು ಎಂಬ ಮಾತಿಗೆ ಮುಂಚೆ ಕಲ್ಲಿನ ಮೇಲೆ ಯಾರ ಹೆಸರು ಮೊದಲು ಎಂಬ ಮಾತು ಬಂತು.

"ಹಿರ್‍ಯಾರ ಹೆಸರು ಮ್ಯಾಲ ಬರಬೇಕು. ಅದು ಪದ್ಧತಿ," ಎಂದ ಬಸಲಿಂಗಪ್ಪ, ಮುಖ್ಯೋಪಾಧ್ಯಾಯಿನಿಯನ್ನು ನೋಡುತ್ತ.

"ಹೆಚ್ಚು ಕೊಟ್ಟಾವ್ರ ಹೆಸರು ಮ್ಯಾಲ ಬರಬೇಕು ಅಂತ ಅವರಿಗೆ ಹೇಳ್ರಿ ಅಕ್ಕಾರ," ಎಂದ ಅಮರ, ಅವನೂ ಅವರನ್ನೇ ನೋಡುತ್ತ. "ಮೊದಲ ಹುಟ್ಟೂದ್ರಾಗ ಏನ ಖರ್ಚ ಬರ್ತೈತಿ?"

ಜನ ನಕ್ಕರು. ಬಸಲಿಂಗಪ್ಪ ಎದ್ದು ಹೋದ. ಹಿಂದೆಯೇ ಅವನ ಕಡೆಯವರೂ ಎದ್ದರು. ಸಭೆ ಅಲ್ಲಿಗೆ ಮುಗಿಯಿತು.

ಪಾತ್ರೆ ತಿಕ್ಕುತ್ತಿದ್ದ ಸಾವಂತ್ರವ್ವ ತಲೆ ಎತ್ತದೆ ಹೇಳಿದಳು: "ಅಕ್ಕಾರ, ಕಲ್ಲು ಹಾಕಿಸೂದ ಬ್ಯಾಡ್ರಿ. ಹೆಸರ ಇದ್ದಲ್ಲಿ ಜಗಳ ಇರತೈತಿ. ಕುರಿ ಹಿಕ್ಕಿಗೆ ಹೆಸರಿಲ್ಲ. ಸಾಲಿ ಹೆಸರಲೆ ಕುರಿ ತರುಬೂಣು."

ಸುಗ್ಗಿ ಮುಗಿದ ಹೊಲದಲ್ಲಿ ಹಿಂಡನ್ನು ರಾತ್ರಿಯಿಡೀ ಒಂದೆಡೆ ಕೂಡಿಹಾಕುವುದನ್ನು ಇಲ್ಲಿ ಕುರಿ ತರುಬುವುದು ಎನ್ನುತ್ತಾರೆ. ನೆಲಕ್ಕೆ ಹಿಕ್ಕಿ, ಗಂಜಲ ಸೇರುತ್ತವೆ. ಪ್ರತಿಯಾಗಿ ಹೊಲದವನು ಕುರುಬನಿಗೆ ಕಾಳು ಅಳೆಯುತ್ತಾನೆ. ಒಮ್ಮೆ ಕುರಿ ಮಲಗಿದ ನೆಲಕ್ಕೆ ಮೂರು ವರ್ಷ ಬೇರೆ ಗೊಬ್ಬರವೇ ಬೇಡ ಎನ್ನುವವರಿದ್ದಾರೆ. ನಾನು ಅಷ್ಟನ್ನು ನಂಬುವುದಿಲ್ಲ. ಗಂಜಲದ ಸಾರಜನಕದಲ್ಲಿ ದೊಡ್ಡ ಪಾಲು, ಬೇಗ ಮಣ್ಣು ಮುಚ್ಚದಿದ್ದರೆ, ಗಾಳಿಯ ಪಾಲಾಗುತ್ತದೆ. ಆದರೂ ಆ ಸೀಮೆಯ ರೈತರು ಇದಕ್ಕಾಗಿ ಸರದಿ ಕಾಯುತ್ತಾರೆಂಬುದು ಕಣ್ಣಾರೆ ಕಂಡ ಸಂಗತಿ. ಸಾವಂತ್ರವ್ವನ ಯೋಜನೆ ಸರಳವಾಗಿತ್ತು. ಊರಿನ ಹೊಲಗಳಲ್ಲಿ ಹಿಂಡು ಮಲಗುವ ರಾತ್ರಿಗಳನ್ನು ಸವಾಲಿಗೆ, ಎಂದರೆ ಹರಾಜಿಗೆ, ಇಡುವುದು. ಹಿಡಿದವರು ಕಾಳಿನ ಬದಲು ಶಾಲೆಗೆ ಬೇಕಾದದ್ದನ್ನು ಕೊಡುವುದು.

ಹಿಂಡು ಮಾತ್ರ ಮಗನದು.

"ಸಾಲಿಗೆ ಕೊಟ್ಟು ನಾ ಏನ ತಿನ್ಲಿ, ಸೀಮೆಸುಣ್ಣ?" ಎಂದ ಮೈಲಾರಲಿಂಗ.

"ಊರ ಹೊಲದ ತರುಬು ಸಾಲೀದು. ಹೊರಗಿನ ಊರಿಂದೆಲ್ಲಾ ನಿಂದ. ಒಂದ ವರ್ಷದ ಮಾತು."

ಅವನು ಮಗಳ ಕಡೆ ನೋಡಿದ. "ಆತು. ಆದ್ರ ಮಳಿಗಾಲಕ್ಕ ಕೋಣಿ ಏಳಲಿಲ್ಲಂದ್ರ ಪ್ರಮಿಳಾ ನನ್ನ ಜೋಡಿ ಬರ್ತಾಳ. ಆಗ ನೀ ಅಡ್ಡ ಬರಬಾರದು."

"ಬರಂಗಿಲ್ಲ," ಎಂದಳು ಸಾವಂತ್ರವ್ವ. ಪ್ರಮಿಳಾ ಒಲೆಯ ಮುಂದೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದಳು.

ಶಾಲೆಯ ಬೇವಿನ ಮರದ ಕೆಳಗೆ ಸವಾಲು ನಡೆಯಿತು. ಒಬ್ಬ ಮರಳು ಒಪ್ಪಿಕೊಂಡ, ಮತ್ತೊಬ್ಬ ಅದನ್ನು ಸಾಗಿಸಲು ಟ್ರ್ಯಾಕ್ಟರಿನ ಖೇಪು, ಗೋಡೆ ಕಟ್ಟುವ ಗೌಂಡಿ ಮನೆಯವರು ತಮ್ಮ ಕೈಕೆಲಸ. ಬಸಲಿಂಗಪ್ಪ ಗೋಡೆಗೆ ಬೇಕಾದ ಇಟ್ಟಿಗೆಯನ್ನೆಲ್ಲ ಕೊಡುವುದಾಗಿ ಮೊದಲ ಸರದಿಯನ್ನು ಹಿಡಿದ. ಅಣ್ಣ ಹಿಡಿದನೆಂದು ತಿಳಿದು ಅಮರ ಊರಿನತ್ತ ತಲೆಯನ್ನೇ ಹಾಕಲಿಲ್ಲ. ಚಾವಣಿಗೆ ಯಾರೂ ಸಿಕ್ಕಿರಲಿಲ್ಲ. ಹಾಗಿದ್ದರೂ ಪಾಯ ತೋಡಿದರು.

ಆಗ ಮೈಲಾರಲಿಂಗ ಒಂದು ತಪ್ಪು ಮಾಡಿದ. ಕುರುಬರು ಹೊಲವನ್ನು ಗುರುತಿಸುವುದು ಗಿಡ, ಬಾವಿ, ಒಡ್ಡುಗಳಿಂದ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆ ಎಂಬುದರಿಂದಲ್ಲ. ಹುಣಸೆಮರದ ಬಾಜುವಿನ ಹೊಲದಲ್ಲಿ ಅವನ ಅಪ್ಪನ ಕಾಲದಿಂದಲೂ ಹಿಂಡು ಮಲಗುತ್ತಿತ್ತು. ಬಸಲಿಂಗಪ್ಪನ ಹೊಲ ಎಂದರೆ ಅದೇ ಎಂದುಕೊಂಡು ಅಲ್ಲಿಯೇ ತರುಬಿದ. ಪಾಲಿನಲ್ಲಿ ಆ ತುಂಡು ಅಮರನಿಗೆ ಹೋಗಿತ್ತು. ಬಸಲಿಂಗಪ್ಪ ನೆಂಟರ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದ. ಅವನು ಮರಳಿ ಬರುವಷ್ಟರಲ್ಲಿ ಹೊಲ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಿಕ್ಕಿಯಿಂದ ಕಪ್ಪಾಗಿತ್ತು.

ಬೆಳಿಗ್ಗೆ ಬದುವಿನ ಮೇಲೆ ನಿಂತು ಬಸಲಿಂಗಪ್ಪ ನೋಡಿದ. "ಚಲೋ ಆತು ಬಿಡೋ ಮೈಲಾರಿ. ನನ್ನ ಇಟ್ಟಂಗಿಗೆ ಅವನ ಕಬ್ಬು ದಪ್ಪ ಆಗ್ಲಿ. ನನ್ನಿಂದ ಒಂದ ಇಟ್ಟಂಗಿನೂ ಬರಂಗಿಲ್ಲ."

"ಹೊಳ್ಳಿ ನಿಮ್ಮ ಹೊಲದಾಗ ತರುಬತೀನ್ರಿ ಸಾವಕಾರ್ರ."

"ಅವನು ಪುಕ್ಕಟ ಉಂಡಾನಲ್ಲ, ಅದನ್ನ ಹೆಂಗ ಹೊಳ್ಳಿ ತಗೀತಿ?"

ಮೈಲಾರಲಿಂಗ ಮನೆಗೆ ಬಂದು ತಾಯಿಯ ಮುಂದೆ ಕುಳಿತ. ತಪ್ಪು ತನ್ನದೆಂದು ಒಪ್ಪಿಕೊಂಡ. ಆದರೆ ಕರಾರು ಕರಾರೇ ಎಂದ. ಪ್ರಮಿಳಾಗೆ ಒಂದು ಕಂಬಳಿಯನ್ನೂ ತೆಗೆದಿಟ್ಟ.

ಮರುದಿನ ಸಾವಂತ್ರವ್ವ ಬೆಳಗಾವಿಯ ಬಸ್ಸು ಹತ್ತಿದಳು. ರವಿವಾರ ಪೇಟೆಯಲ್ಲಿ ಹಮಾಲರ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಅಮರನ ಅಂಗಡಿಗೆ ಬಂದಳು. ಬೆಲ್ಲದ ಪೆಂಟಿಗಳ ನಡುವೆ ಕುಳಿತಿದ್ದ ಅಮರ ಬೆರಗಾದ.

"ಬಾ ಯವ್ವಾ, ಕುಂದರು. ಚಾವಣಿ ಕೇಳಾಕ ಬಂದಿಯೇನು?"

"ಇಲ್ರಿ. ಕೇಳಾಕ ಅಲ್ಲ, ಹೇಳಾಕ ಬಂದೀನಿ. ನಿಮ್ಮ ಅಣ್ಣಾರ ಸರದಿ ಕುರಿ ತಪ್ಪಿ ನಿಮ್ಮ ಹೊಲದಾಗ ಮಲಗ್ಯಾವು."

"ನಾ ಕರೆದಿಲ್ಲಲ್ಲ."

"ನೀವ ಕರೆದಿಲ್ಲ, ಅವರೂ ಕೊಟ್ಟಿಲ್ಲ. ಆದ್ರ ಬರೂ ವರ್ಷ ಕಬ್ಬು ಆಳುದ್ದ ನಿಂತಾಗ ಊರ ಮಂದಿ ಏನಂತಾರ, ಅದನ್ನಷ್ಟ ವಿಚಾರ ಮಾಡ್ರಿ."

ಅಮರ ವಿಚಾರ ಮಾಡಿದ. ಅಣ್ಣನ ಗೊಬ್ಬರ ತಿಂದು ಬೆಳೆದ ತಮ್ಮನ ಕಬ್ಬು: ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಕಬ್ಬು ತೂಗುವ ಕಡೆಯಲ್ಲಿ ಆ ಮಾತು ಹೇಗೆ ಓಡಾಡುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ತರಿಸಿಕೊಟ್ಟ ಚಹಾ ಕುಡಿದು, ಸಾವಂತ್ರವ್ವ ಸೆರಗು ಹೊದ್ದು, ಎದ್ದು ನಿಂತಳು.

"ಕೋಣಿ ಮ್ಯಾಲ ಹಂಚೋ, ತಗಡೋ?" ಎಂದು ಅಮರ ಕೇಳಿದ.

"ತಗಡು ಮಳಿಯಾಗ ಭಾಳ ಸಪ್ಪಳ ಮಾಡತೈತ್ರಿ. ಪಾಠ ಕೇಳಂಗಿಲ್ಲ."

"ಹಂಗಾರ ಖಾನಾಪುರದ ಹಂಚು ಕಳಸ್ತೀನಿ, ಕಟ್ಟಿಗಿ ಸಮೇತ. ಅವರ ಋಣ ನನ್ನ ಹೊಲದಾಗ ಬ್ಯಾಡ."

ಹಂಚು ಹೇರಿದ ಲಾರಿ ಊರ ನಡುವೆ ಬಂದಾಗ ಬಸಲಿಂಗಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಲಾರಿ ಶಾಲೆಯ ಕಡೆಗೆ ತಿರುಗುವವರೆಗೂ ನೋಡಿದ. ತಮ್ಮನ ಚಾವಣಿ ಬಂದು ಅಣ್ಣನ ಗೋಡೆ ಬರದಿದ್ದರೆ ಊರಿನ ನಾಲಗೆ ಈಗ ಯಾರ ಕಡೆ ಹೊರಳುತ್ತದೆ ಎಂದು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಸಂಜೆಯೊಳಗೆ ಭಟ್ಟಿಯಿಂದ ಟ್ರ್ಯಾಕ್ಟರು ಹೊರಟಿತು. "ಕೆಂಪಗ ಸುಟ್ಟಿದ್ದ ಆರಿಸಿ ಹಾಕ್ರಿ," ಎಂದು ಅವನು ಆಳುಗಳಿಗೆ ಹೇಳಿದನಂತೆ. "ನಾಳೆ ಹಂಚು ಗಟ್ಟಿ, ಗ್ವಾಡಿ ಪೊಳ್ಳು ಅನ್ನಬಾರದು." ಮೈಲಾರಲಿಂಗ ಅಂದೇ ಹಿಂಡನ್ನು ಅವನ ನಿಜವಾದ ಹೊಲಕ್ಕೆ ಹೊಡೆದ.

ಇದನ್ನು ಊರಿನವರು ಒಗ್ಗಟ್ಟು ಎನ್ನುತ್ತಾರೆ. ಮನುಷ್ಯರ ಔದಾರ್ಯದ ಬಗ್ಗೆ ನನಗೆ ಭ್ರಮೆಗಳು ಕಡಿಮೆ. ಇಲ್ಲಿ ಅಭಿಮಾನ, ಛಲ, ಜನರ ಬಾಯಿಯ ಭಯ ಎಲ್ಲವೂ ಕೆಲಸ ಮಾಡಿವೆ. ಆದರೆ ಆಮೇಲೆ ನಡೆದದ್ದಕ್ಕೆ ಆ ಕಾರಣಗಳಷ್ಟೇ ಸಾಲುವುದಿಲ್ಲ. ಸವಾಲು ಹಿಡಿಯದ ಮನೆಗಳ ಹೆಂಗಸರೂ ಗೋಡೆಗೆ ನೀರು ಹೊತ್ತರು. ಮಕ್ಕಳಿಲ್ಲದ ಭರಮವ್ವ ದಿನವೂ ಬಂದು ಗೌಂಡಿಗಳಿಗೆ ರೊಟ್ಟಿ ಬಡಿದಳು. ಏಕೆಂದು ಕೇಳಿದ್ದಕ್ಕೆ, "ಮನ್ಯಾಗ ಕುಂತು ಏನ ಮಾಡ್ಲಿ?" ಎಂದಳು.

ಮೇ ಕೊನೆಯಲ್ಲಿ ಕೋಣೆ ಎದ್ದು ನಿಂತಿತು. ಹುಡುಗಿಯರು ಲೇಜಿಮು ಆಡಿದರು. ಸಾವಂತ್ರವ್ವ ಇಡೀ ಊರಿಗೆ ಗೋಧಿ ಹುಗ್ಗಿ ಮಾಡಿದಳು. ಗೋಧಿ ಬಸಲಿಂಗಪ್ಪನದು, ಬೆಲ್ಲ ಅಮರನದು. ಪಂಕ್ತಿಯಲ್ಲಿ ಅಣ್ಣತಮ್ಮಂದಿರ ನಡುವೆ ಒಂದೇ ಒಂದು ಎಲೆ ಖಾಲಿ ಉಳಿಯಿತು. ಸಾವಂತ್ರವ್ವ ಅದಕ್ಕೂ ಹುಗ್ಗಿ ಬಡಿಸಿ, ಮುಖ್ಯೋಪಾಧ್ಯಾಯಿನಿಯನ್ನು ಕರೆದು ಕೂರಿಸಿದಳು.

"ಅಕ್ಕಾರ, ಬೆಲ್ಲ ಚಲೋ ಐತಿ ಅಂತ ಹೇಳ್ರಿ," ಎಂದ ಬಸಲಿಂಗಪ್ಪ.

"ಗೋಧಿನೂ ಅಡ್ಡಿಯಿಲ್ಲಂತ ಹೇಳ್ರಿ," ಎಂದ ಅಮರ.

ನಾಗರತ್ನಾ ಎರಡನ್ನೂ ಹೇಳದೆ ಉಂಡರು. ಇಬ್ಬರಿಗೂ ಕೇಳಿಸಿತ್ತು.

ಎಂಟನೆಯ ತರಗತಿ ಆರಂಭವಾದ ದಿನ ಖಾನಾಪುರದ ಮಳೆ ಹಿಡಿದಿತ್ತು. ಮೈಲಾರಲಿಂಗ ಮಳೆ ಕಡಿಮೆಯಿರುವ ಮೂಡಣ ಸೀಮೆಗೆ ಹೊರಟಿದ್ದ. ನೆಂಟ ಮಾಯಪ್ಪನ ಹಿಂಡಿನೊಂದಿಗೆ ತನ್ನದನ್ನು ಕೂಡಿಸಿಕೊಂಡಿದ್ದ. ಇಬ್ಬರು ಸೇರಿದರೆ ಮೂರನೆಯ ಜೀವ ಬೇಕಿರಲಿಲ್ಲ. ಹೋಗುವ ಮುನ್ನ, ಪ್ರಮಿಳಾಗೆ ತೆಗೆದಿಟ್ಟಿದ್ದ ಕಂಬಳಿಯನ್ನು ತಾನೇ ತಲೆಯ ಮೇಲಿಂದ ಕೊಪ್ಪೆಯಾಗಿ ಹೊದ್ದು, ಶಾಲೆಯ ಕಿಟಕಿಯ ಬಳಿ ನಿಂತ.

"ಸೋರತೈತೇನ ನೋಡು," ಎಂದ ಮಗಳಿಗೆ.

ಪ್ರಮಿಳಾ ಚಾವಣಿಯನ್ನು ಮೂಲೆಯಿಂದ ಮೂಲೆಗೆ ನೋಡಿದಳು. "ಇಲ್ಲಪ್ಪ."

"ಹಂಗಾರ ಓದು," ಎಂದು ಅವನು ಹಿಂಡಿಗೆ ಸಿಳ್ಳೆ ಹಾಕಿದ. ಅಡುಗೆಮನೆಯಲ್ಲಿ ಸಾವಂತ್ರವ್ವ, ಒಂದು ತರಗತಿ ಹೆಚ್ಚಾಯಿತೆಂದು, ದೊಡ್ಡ ಪಾತ್ರೆಯನ್ನು ಒಲೆಗೆ ಏರಿಸುತ್ತಿದ್ದಳು.