ಮರಳಿ ಬಂದ ಬುಡದ ಮಣ್ಣು

ಮೇಡಂ ಅವರ ಉಗುರುಸಂದಿಯಲ್ಲಿ ಸದಾ ಕೆಮ್ಮಣ್ಣು. ಆ ಕೈಯಲ್ಲೇ ಲೋಟ ಹಿಡಿದು, ಕುಡಿಯುವ ಮೊದಲು ಕಾಫಿಯನ್ನೊಮ್ಮೆ ಮೂಸುತ್ತಿದ್ದರು. ನಮ್ಮತ್ತೆಗೆ ಮೈಯುರಿದದ್ದೇ ಅದಕ್ಕೆ. "ನಾನೇನು ವಿಷ ಹಾಕಿದ್ದೀನಾ? ಈವಮ್ಮನ ಮೇಲೆ ಒಂದು ಕಣ್ಣಿಟ್ಟಿರು ಕಣೇ," ಎಂದರು ನನಗೆ.

ಎಪ್ಪತ್ತರ ದಶಕದ ಕೊನೆ. ನಾನು ದಂಡಿನಶಿವರಕ್ಕೆ ಸೊಸೆಯಾಗಿ ಬಂದ ಹೊಸತು. ಮೇಡಂ ಡಾಕ್ಟರೇಟಿನ ಕೆಲಸಕ್ಕೆಂದು ಬೆಂಗಳೂರಿನ ಕೃಷಿ ಕಾಲೇಜಿನಿಂದ ಬಂದು ನಮ್ಮ ತೆಂಗಿನ ಬುಡ ಅಗೆದು, ಬೇರಿಗಂಟಿದ ಮಣ್ಣು ಬೇರೆ, ಗೇಣು ದೂರದ್ದು ಬೇರೆ ಕಟ್ಟಿಕೊಂಡು ಹೋಗುತ್ತಿದ್ದರು. ಬೇರಿನಿಂದ ಒಸರುವ ಕಿಣ್ವ, ಮಣ್ಣಿನಲ್ಲಿ ಕಟ್ಟಿಬಿದ್ದ ರಂಜಕವನ್ನು ಬಿಡಿಸಿ ಮರಕ್ಕೆ ಉಣಿಸುತ್ತದಂತೆ. ಬೇರಿನ ಪಕ್ಕ ಎಷ್ಟು ರಂಜಕ ಇರಬೇಕೆಂದು ಇವರು ಮೊದಲೇ ಗಣಿತ ಹಾಕಿ, ಆಮೇಲೆ ಮಣ್ಣಿನ ಜೊತೆ ತಾಳೆ ನೋಡುತ್ತಿದ್ದರು.

"ಹಾಲಿಗೆ ಹೆಪ್ಪು ಇದ್ದಂಗೆ ಅಮ್ಮಾ. ಹೆಪ್ಪು ಎಷ್ಟೇ ಹಾಕಿ, ಹಾಲಿದ್ದಷ್ಟೇ ಮೊಸರು," ಎಂದು ಮೇಡಂ ಅತ್ತೆಗೆ ವಿವರಿಸಿದರು. ಅತ್ತೆ ಜಗ್ಗಲಿಲ್ಲ. ಬುಡದ ಮಣ್ಣು ಪರರ ಪಾಲಾದರೆ ಫಲವೂ ಹಿಂದೆಯೇ ಹೋಗುತ್ತದೆಂಬ ಭಯ ಅವರಿಗೆ. "ಕೆಲಸ ಆದ್ಮೇಲೆ ನಮ್ಮ ಮಣ್ಣು ನಮಗೆ ಬರಬೇಕು ಕಣವ್ವ," ಎಂದು ಮಾತು ತೆಗೆದುಕೊಂಡರು.

ಮರುವರ್ಷ ಲೆಕ್ಕ ಮಣ್ಣಿಗೆ ಸರಿಯಾಗಿ ಕೂತಿತು. ಕಾಲೇಜಿನವರ ಗಡುವು ಮುಗಿಯುತ್ತಿತ್ತು. ಅದನ್ನೇ ಬರೆದುಕೊಟ್ಟಿದ್ದರೆ ಡಾಕ್ಟರೇಟ್ ಖಂಡಿತ. ಮೇಡಂ ಮಾತ್ರ ಜಗಲಿಯ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದರು.

"ಇಷ್ಟು ಚೆನ್ನಾಗಿ ಬಂದ್ರೆ ನನಗೆ ಅನುಮಾನ. ಈ ಸಾಲಿಗೆ ಗೊಬ್ಬರ ಹಾಕಬೇಡಿ ಅಂದಿದ್ದೆನಲ್ಲ, ಹಾಕಿದ್ರಾ?"

"ಮರಕ್ಕೆ ಹಾಕಿಲ್ಲ," ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ. "ನೀನು ಮಣ್ಣು ತಗೊಂಡು ಹೋಯ್ತಿದ್ಯಲ್ಲ, ಬುಡ ಬರಿದಾಗಬಾರದು ಅಂತ ಗುಂಡಿಗೊಂದು ಬೊಗಸೆ ಕುರಿಗೊಬ್ಬರ ಹಾಕ್ದೆ."

ಮೇಡಂ ಕಾಫಿ ಮೂಸಿ, ನಿಧಾನವಾಗಿ ಕುಡಿದರು. "ಮೊದಲೇ ಕೇಳದೆ ಇದ್ದದ್ದು ನನ್ನ ತಪ್ಪು ಅಮ್ಮಾ. ಗೊಬ್ಬರದಲ್ಲೂ ರಂಜಕ ಇರುತ್ತೆ, ಈ ಲೆಕ್ಕ ನಿಲ್ಲಲ್ಲ. ಎಲ್ಲ ಮತ್ತೆ ಮಾಡ್ತೀನಿ."

ಮಾಡಿದರು. ಗಡುವು ದಾಟಿತು, ಡಾಕ್ಟರೇಟ್ ಕೊನೆಗೂ ಸಿಗಲಿಲ್ಲ. ಎಂಥ ಹಟವೋ ಎಂದು ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು.

ಕೆಲವು ವರ್ಷಗಳ ಮೇಲೆ ಅವರ ತಂಗಿ ಬಂದು, ಮೇಡಂ ತೀರಿಕೊಂಡರೆಂದು ಹೇಳಿ ಒಂದು ಡಬ್ಬಿ ಕೊಟ್ಟರು. ಒಳಗೆ ಕೆಮ್ಮಣ್ಣು. ತೆಂಗಿನ ಬುಡಕ್ಕೆ ಸುರಿಯುವ ಮೊದಲು, ನಮ್ಮದು ಹೌದೋ ಅಲ್ಲವೋ ಎಂದು ನಾನು ಒಂದು ಚಿಟಿಕೆ ಮೂಸಿದೆ. ಅವರಿಂದ ಕಲಿತ ಬುದ್ಧಿ.

ಕೋಲೂರಿ ನಿಂತಿದ್ದ ಅತ್ತೆ ಗದರಿದರು. ಅವರ ಕಣ್ಣು ತುಂಬಿತ್ತು.

"ಮೂಸೋದೇನೇ? ತನ್ನ ಲೆಕ್ಕಾನೇ ನಂಬದೋಳು ಕಳಿಸಿರೋ ಮಣ್ಣು ಕಣೇ ಅದು. ಸುರಿ."