ಹೆಣ್ಣುಮಕ್ಕಳ ಫೈನಲ್ಲಿಗೆ ಬೆನ್ನು ಹಾಕಿ ಕೂತವನು

ಚೈತ್ರಾ, ಅವತ್ತು ನಿನ್ನ ಫೈನಲ್ ನಡೆಯುತ್ತಿರುವಾಗ ಮೈದಾನದ ಜನರನ್ನೆಲ್ಲ ಊಟಕ್ಕೆ ಕರೆದವನು ನಾನೇ. ಕರೆಯುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದ ಬಾಯಲ್ಲೇ ಕರೆದೆ. ಇದು ನಿನಗೂ ಗೊತ್ತು, ಮೈಕು ಊರಿಗೆಲ್ಲ ಕೇಳುವಂತೆ ಕೂಗಿತ್ತಲ್ಲ. ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ — ಅದನ್ನು ಕೊನೆಗೆ ಹೇಳುತ್ತೇನೆ, ಅಷ್ಟರಲ್ಲಿ ಧೈರ್ಯ ಬಂದರೆ.

ನನ್ನ ಪರಿಚಯ ನಿನಗೆ ಬೇಕಿಲ್ಲ, ಓದುವ ಉಳಿದವರಿಗೆ ಬೇಕು. ನಾನು ಮೈಕ್ ನಿಂಗರಾಜು. ಹಾರನಹಳ್ಳಿ ಕಡೆ ಶಾಮಿಯಾನ, ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತೇನೆ. ಕಬಡ್ಡಿ ಪಂದ್ಯಾವಳಿಯಾದರೆ ಸೆಟ್ಟಿನ ಜೊತೆ ನನ್ನ ಬಾಯಿ ಪುಕ್ಕಟೆ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನಾನು ಬದುಕಿದ್ದೇ ಹಾಗೆ.

ಹೊಗೆಸೊಪ್ಪು ಹರಾಜಿಗೆ ಹೋಗಿ ಜನರ ಕೈ ಬಿಡುವಾದ ಮೇಲೆ ನಮ್ಮೂರಲ್ಲಿ ಪಂದ್ಯಾವಳಿ. ಗಂಡಸರ ಆಟವಾದರೆ ನನ್ನ ಗಂಟಲು ಹರಿದು ಹೋಗುವವರೆಗೂ ವಿವರಣೆ. ಯಾವನೋ ಒಬ್ಬ ಕೆಮ್ಮಿದರೂ 'ಹುಣಸೂರಿನ ಹುಲಿ ಗರ್ಜಿಸಿದೆ' ಎನ್ನುತ್ತಿದ್ದೆ. ಹೆಣ್ಣುಮಕ್ಕಳ ಆಟ ಶುರುವಾದರೆ — ಹೇಳಲು ನಾಚಿಕೆ — ದಾನಿಗಳ ಹೆಸರು ಓದುತ್ತಿದ್ದೆ, ದಾರಿಗೆ ಅಡ್ಡ ನಿಂತ ಟ್ರ್ಯಾಕ್ಟರ್ ತೆಗೆಯಿರಿ ಎನ್ನುತ್ತಿದ್ದೆ, ಕಳೆದುಹೋದ ಚಪ್ಪಲಿಯ ಬಣ್ಣ ವರ್ಣಿಸುತ್ತಿದ್ದೆ. ಆ ಚಪ್ಪಲಿಗೆ ಸಿಕ್ಕಷ್ಟು ವಿಶೇಷಣ ನಿಮ್ಮಲ್ಲಿ ಒಬ್ಬಳಿಗೂ ಸಿಗಲಿಲ್ಲ.

ಇನ್ನೊಂದು ಪದ್ಧತಿಯಿತ್ತು. ಯಾರು ಮಾಡಿದ್ದೋ ಗೊತ್ತಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಗಂಡಸರ ಫೈನಲ್ಲಿಗೆ ಜನ ಹೊಟ್ಟೆ ತುಂಬಿಸಿಕೊಂಡು ಗಟ್ಟಿಯಾಗಿ ಕೂರಬೇಕು, ಅದಕ್ಕೆ ಮುಂಚೆ ಮುದ್ದೆ, ಬಾಡಿನೂಟ. ಊಟ ನಡೆಯುವಾಗ ಮೈದಾನ ಬರಿದಾಗಿ ಕಾಣಬಾರದಲ್ಲ — ಆ ಹೊತ್ತಿಗೆ ಹೆಣ್ಣುಮಕ್ಕಳ ಫೈನಲ್.

ನೀನು ಅವತ್ತು ಬೆಳಿಗ್ಗೆಯೇ ನನ್ನ ಹತ್ತಿರ ಬಂದೆ. ಆಗಿನ್ನೂ ನೀನು ಪಿಯುಸಿ ಓದುತ್ತಿದ್ದೆ.

"ನಿಂಗರಾಜಣ್ಣ, ನಮ್ ಮ್ಯಾಚ್ ಮುಗಿಯೋಗಂಟ ಊಟಕ್ಕೆ ಕರೀಬ್ಯಾಡಿ. ನಮ್ಮಪ್ಪ ಬತ್ತಾ ಅದೆ. ಆಟ ನೋಡಿ ಒಪ್ಕಂಡ್ರೆ ಮೈಸೂರ್ ಕಾಲೇಜ್ಗೆ ಕಳಿಸ್ತದಂತೆ. ಇಲ್ದಿದ್ರೆ ಕೋಟೆ ಊರ್ನ ಅತ್ತೆ ಮಗನ್ಗೆ ಮದ್ವೆ ಮಾಡ್ಬುಡ್ತದೆ."

ನಿಮ್ಮಪ್ಪ ಜವರಣ್ಣ ಅದುವರೆಗೆ ನಿನ್ನ ಒಂದು ಆಟವನ್ನೂ ನೋಡಿರಲಿಲ್ಲ. ಕರೆಯಲ್ಲ ಬುಡವ್ವ ಎಂದು ಮೈಕು ಮುಟ್ಟಿ ಹೇಳಿದೆ. ನನಗೆ ಮೈಕೇ ದೇವರು.

ಆಮೇಲೆ ನಡೆದದ್ದು ಇಷ್ಟೇ. ಕೆ.ಆರ್. ನಗರದ ಹುಡುಗಿಯರ ಎದುರು ನಿಮ್ಮ ಆಟ ಅರ್ಧ ಮುಗಿದಿತ್ತು. ಅಡುಗೆಯವನು ಬಂದು, ಕುರಿಯ ಬೋಟಿ ಗೊಜ್ಜು ಕಮ್ಮಿಯಿದೆ, ಮೊದಲ ಪಂಕ್ತಿಗೆ ಮಾತ್ರ ಎಂದು ಕಿವಿಯಲ್ಲಿ ಹೇಳಿದ. ನನಗೋ ಬೋಟಿಯೆಂದರೆ ಪ್ರಾಣ; ಮೊದಲ ಪಂಕ್ತಿಯಲ್ಲಿ ಕೂರಬೇಕೆಂದರೆ ಆ ಪಂಕ್ತಿ ಶುರುವಾಗಬೇಕು, ಅಂದರೆ ಯಾರಾದರೂ ಕರೆಯಬೇಕು. ಹೆಣ್ಣುಮಕ್ಕಳ ಆಟ ತಾನೇ, ಅದರ ಪಾಡಿಗೆ ಅದು ನಡೆಯುತ್ತದೆ ಅಂದುಕೊಂಡೆ. ಅಂದುಕೊಂಡದ್ದಷ್ಟೇ ಅಲ್ಲ, ಅದನ್ನೇ ಮೈಕಿನಲ್ಲೂ ಹೇಳಿದೆ:

"ಮಹಿಳೆಯರ ಪಂದ್ಯ ಅದರ ಪಾಡಿಗೆ ನಡೀತಿರ್ತದೆ, ಊಟ ತಯಾರಾಗಿದೆ, ದಯವಿಟ್ಟು ಎಲ್ಲರೂ ಪಂಕ್ತಿಗೆ ಬರಬೇಕು."

ಮೈದಾನ ಒಂದೇ ಉಸಿರಿಗೆ ಖಾಲಿಯಾಯಿತು. ಉಳಿದವರು ಅಂಪೈರು, ಐಸ್‌ಕ್ಯಾಂಡಿಯವನು ಮತ್ತು ಎರಡು ಮೇಕೆ. ನಾನು ಎಲೆಯ ಮುಂದೆ ಕೂತು ಪಕ್ಕಕ್ಕೆ ತಿರುಗಿದರೆ ಜವರಣ್ಣ.

"ನೀನ್ಯಾಕಣ್ಣ ಬಂದೆ?"

"ನೀನೇ ಕರೆದೆಯಲ್ಲ ಕಣ್ಲಾ," ಎಂದರು.

ಬಡಿಸಿದ್ದಾಯಿತು, ಉಣ್ಣುತ್ತಿದ್ದೆವು. ಅಷ್ಟರಲ್ಲಿ ಮೈದಾನದ ಕಡೆಯಿಂದ ಉದ್ದಕ್ಕೆ ಸೀಟಿ, ಹಿಂದೆಯೇ ಹುಡುಗಿಯರ ಕಿರುಚಾಟ. ಒಂದು ಪಾಯಿಂಟಿನಲ್ಲಿ ನೀವು ಗೆದ್ದಿರಿ, ಗೆಲ್ಲಿಸಿದ್ದು ಜವರಣ್ಣನ ಮಗಳು ಎಂದು ಯಾರೋ ಕೂಗಿದರು. ನಿಮ್ಮಪ್ಪನ ಕೈಯಲ್ಲಿ ಮುದ್ದೆ ಹಾಗೇ ನಿಂತಿತು. "ಏನ್ಲಾ ಹೇಳ್ಲಿ ನಾನು ಅವ್ಳ್ಗೆ? ನೋಡ್ತೀನಿ ಅಂದಿದ್ದೆ ಕಣೋ," ಎಂದರು. ನಾನು ಮೂಳೆ ಕೆಳಗಿಟ್ಟು, ನೋಡಿದೆ ಎಂದು ಹೀಗೆ ಹೇಳಣ್ಣ ಎಂದು ಅವರಿಗೆ ವಿವರಣೆ ಶುರುಮಾಡಿದೆ: ನಿನ್ನ ಮಗಳು ರೈಡಿಗೆ ಹೋದಳು, ಒಬ್ಬಳನ್ನು ಮುಟ್ಟಿದಳು, ಇನ್ನಿಬ್ಬರು ಅಡ್ಡ ಬಂದರು, ಅವರನ್ನೂ ಮುಟ್ಟಿ, ಮೇಲಿಂದ ಹಾರಿ ಗೆರೆ ಮುಟ್ಟಿದಳು. ಹೆಣ್ಣುಮಕ್ಕಳ ಆಟಕ್ಕೆ ನಾನು ಮನಸಾರೆ ವಿವರಣೆ ಕೊಟ್ಟದ್ದು ಅದೇ ಮೊದಲು — ಅದೂ ಆಟಕ್ಕೆ ಬೆನ್ನು ಹಾಕಿ ಕೂತು.

ಜವರಣ್ಣ ಕೈ ತೊಳೆದು ಬಂದು ನಿನಗೆ ಅದನ್ನೇ ಒಪ್ಪಿಸಿದರು. ನೀನು ಅವರನ್ನು ನೋಡಿದೆ, ನನ್ನನ್ನು ನೋಡಿದೆ, "ಊಂ ಕಣಪ್ಪ" ಎಂದೆ. ನೀನು ಮೈಸೂರಿಗೆ ಹೋದೆ. ಸುಳ್ಳಾದರೇನು, ಒಳ್ಳೆಯದೇ ಆಯಿತಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ರೈಡು ಮಾತ್ರ ಜವರಣ್ಣನ ಬಾಯಲ್ಲಿ ಬೆಳೆಯುತ್ತಾ ಹೋಯಿತು. ಮೂವರು ಐವರಾದರು, ಐವರು ಏಳಾದರು. ಇನ್ನು ಸ್ವಲ್ಪ ಬಿಟ್ಟಿದ್ದರೆ ಅಂಪೈರನ್ನೂ ಮುಟ್ಟಿ ಔಟ್ ಮಾಡುತ್ತಿದ್ದೆ ನೀನು.

ಈ ವರ್ಷ ನೀನು ಕಾಲೇಜಿನ ದೈಹಿಕ ಶಿಕ್ಷಕಿಯಾಗಿ ನಿನ್ನ ಹುಡುಗಿಯರನ್ನು ಕರೆದುಕೊಂಡು ನಮ್ಮೂರ ಪಂದ್ಯಾವಳಿಗೆ ಬಂದೆ. ವೇದಿಕೆಯ ಮೇಲೆ ನಿಮ್ಮಪ್ಪನಿಗೆ ಶಾಲು ಹೊದಿಸಿದೆವು. ಅವರು ಮೈಕು ಹಿಡಿದು ಆ ಏಳು ಜನರ ರೈಡನ್ನು ಒಂದೂ ಬಿಡದೆ ಹೇಳಿದರು. ಕೆಳಗೆ ನಿನ್ನ ತಂಡದ ಒಬ್ಬಳು ನಿನ್ನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಮೇಡಂ, ನೀವು ಯಾವಾಗ ರೈಡ್‌ಗೆ ಹೋದ್ರಿ? ಹುಟ್ಟಿದಾಗಿಂದ ಲೆಫ್ಟ್ ಕಾರ್ನರ್ ಅಂತಿದ್ರಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಮೈಕನ್ನೇ ಮುಟ್ಟಿ ನೋಡಿಕೊಂಡೆ. ಲೆಫ್ಟ್ ಕಾರ್ನರ್ — ಮೂಲೆಯಲ್ಲಿ ನಿಂತು ಬಂದವರ ಕಾಲು ಹಿಡಿಯುವವಳು. ನೀನು ಜೀವಮಾನದಲ್ಲಿ ರೈಡಿಗೇ ಹೋದವಳಲ್ಲ. ಇಷ್ಟು ವರ್ಷ ಮೈಕು ಹಿಡಿದರೂ ನೀನು ಎಲ್ಲಿ ನಿಂತು ಆಡುತ್ತೀಯ ಎಂದು ನನಗೆ ತಿಳಿದಿರಲಿಲ್ಲ. ಅಂದರೆ ಅವತ್ತು, ನಿಮ್ಮಪ್ಪ ಬಾಯಿ ತೆರೆದ ಕ್ಷಣವೇ, ನಿನಗೆ ಎಲ್ಲ...

ನಿನ್ನ ಹತ್ತಿರ ಬಂದು ತಲೆ ತಗ್ಗಿಸಿ ನಿಂತೆ. ನೀನು ನಕ್ಕೆ.

"ಅವತ್ತೇ ಗೊತ್ತಾಯ್ತು ಬುಡಣ್ಣ. ಅವರ ರೈಡರ್ ಕಾಲಿನ ಹರಡು ಹಿಡಿದು ಕೆಡವಿದ್ದೆ ನಾನು, ಅಪ್ಪ ನೋಡಿದ್ರೆ ಹೇಳ್ತಿರ್ನಿಲ್ವಾ? ಬಾಡು ಬುಟ್ಟು ನನ್ ಆಟ ನೋಡಾಕೆ ಎದ್ದು ಬರ್ನಿಲ್ಲ ಅಪ್ಪ. ಹೋಗ್ಲಿ, ನೋಡ್ದೆ ಅಂತ ಸುಳ್ಳಾದ್ರೂ ಹೇಳ್ತಲ್ಲ. ಈಗ ಅದನ್ನ ಕೆದಕಬ್ಯಾಡಿ." ಆಮೇಲೆ ನೀನೇ ಕೇಳಿದೆ: "ಊಟ ಎಷ್ಟೊತ್ಗೆ?"

ಊಟ ನಿಮ್ಮ ಫೈನಲ್ ಮುಗಿದ ಮೇಲೆ ಎಂದೆ. ಈ ಸಲ ಹಾಗೇ ಮಾಡಿದೆ. ಜನ ಗೊಣಗಿದರು, ಒಬ್ಬರು ನನ್ನ ತಂದೆತಾಯಿಯನ್ನೂ ನೆನೆದರು, ಆದರೆ ಹಸಿದ ಹೊಟ್ಟೆಗೆ ಮಾಡಲು ಬೇರೆ ಕೆಲಸವಿಲ್ಲವಲ್ಲ, ಆಟ ನೋಡಿದರು. ನೋಡುತ್ತಾ ನೋಡುತ್ತಾ ಊಟ ಮರೆತರು. ನಿನ್ನ ಹುಡುಗಿಯೊಬ್ಬಳು ಎಡಮೂಲೆಯಿಂದ ನುಗ್ಗಿ ಹರಡು ಹಿಡಿದು ಕೆಡವಿದಾಗ ಜವರಣ್ಣ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ನಾನು ಆಟಕ್ಕೆ ಮುಖ ಮಾಡಿ ನಿಂತು ಅದನ್ನು ಮೈಕಿನಲ್ಲಿ ಕೂಗಿ ಹೇಳಿದೆ. ನಿನ್ನ ಕೈಯೂ ಅವತ್ತು ಹೀಗೇ ಬಿದ್ದಿರಬೇಕು.

ಆಗಲೇ ನಿನಗೆ ಹೇಳಬೇಕಿತ್ತು. ಬಾಯಿ ಬರಲಿಲ್ಲ. ನಿಮ್ಮಪ್ಪ ಓದುವವರಲ್ಲ, ಮೈಕಿನಲ್ಲಿ ಬಂದದ್ದನ್ನು ಮಾತ್ರ ಕೇಳುವವರು — ಅದಕ್ಕೇ ಇದನ್ನು ಬರೆದು ಹೇಳುತ್ತಿದ್ದೇನೆ.

ಅವತ್ತು ಬಡಿಸುವ ಮುಂಚೆ, ಮೈದಾನದಿಂದ ಪಾಯಿಂಟು 'ಸಮ ಸಮ' ಎಂಬ ಕೂಗು ಕೇಳಿದಾಗ, ಜವರಣ್ಣ ಎಲೆ ಬಿಟ್ಟು ಎದ್ದು ನಿಂತಿದ್ದರು. "ನಮ್ ಮಗೀದು ನೋಡ್ಕಂಡು ಬತ್ತೀನಿ ಕಣ್ಲಾ, ಬಾಡು ಎಲ್ಗೋಗ್ತದೆ," ಎಂದರು. ಒಬ್ಬರು ಎದ್ದರೆ ಪಂಕ್ತಿಗೆ ಬಡಿಸುವುದು ತಡವಾಗುತ್ತದೆ. ಹಾಕಿದ ಎಲೆ ಬಿಟ್ಟು ಏಳಬಾರದು ಎಂದು ಅವರ ಪಂಚೆಯ ಚುಂಗು ಹಿಡಿದು ಎಳೆದು ಕೂರಿಸಿದೆ.

ಎದ್ದಿದ್ದರು, ಚೈತ್ರಾ. ಕೂರಿಸಿದವನು ನಾನು.