ಹೆಸರಿಗೆ ಬಿಟ್ಟ ಜಾಗ

ಯಾರಾದರೂ ದೆವ್ವ, ಪೂರ್ವಜನ್ಮ ಎಂದು ಶುರು ಮಾಡಿದರೆ ನಾನು ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದವಳು. ಇಪ್ಪತ್ತು ವರ್ಷ ಬ್ಯಾಂಕಿನ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕಿದವಳಿಗೆ ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎಂಬ ನಂಬಿಕೆ. ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಸಿಂಗಪುರದ ಒಂದು ಚಿಕ್ಕ ಮ್ಯೂಸಿಯಂನಲ್ಲಿ ಬಾಗ್ದಾದ್, ಡಮಾಸ್ಕಸ್, ಕೈರೋ, ಬುಖಾರಾ ನಗರಗಳ ಬಗ್ಗೆ ಪ್ರದರ್ಶನ ಏರ್ಪಾಡಾಗಿತ್ತು. ವಿದ್ಯೆ ಬೇಕೆಂದವರು ತಿಂಗಳುಗಟ್ಟಲೆ ನಡೆದು ಸೇರುತ್ತಿದ್ದ ಊರುಗಳು ಅವು. ಕೆಲಸ ಬಿಟ್ಟು ಅಲ್ಲೇ ಟೋವಾ ಪಾಯೋ ಬಡಾವಣೆಯ ಮನೆಯಲ್ಲಿ ಕೂತಿದ್ದ ನಾನು ಗೈಡ್ ಆಗಲು ಹೆಸರು ಕೊಟ್ಟೆ. ನಮ್ಮನ್ನು ತಯಾರು ಮಾಡುತ್ತಿದ್ದವರು ಯಿಶುನ್‌ನ ಶೈಲಾ ಆಂಟಿ, ನಮ್ಮ ಮೈಸೂರಿನವರೇ.

ನನ್ನ ತೊಂದರೆ ಒಂದೇ. ನಾಲ್ಕು ಜನರ ಮುಂದೆ ನಿಂತರೆ ನನ್ನ ನಾಲಿಗೆ ಏಳುವುದಿಲ್ಲ. ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ "ಮಾನ್ಯ ಅಧ್ಯಕ್ಷರೇ" ಎಂದು ಅಲ್ಲಿಗೇ ನಿಂತುಹೋದವಳು ನಾನು. ಮೊದಲ ಟ್ರಯಲ್‌ನಲ್ಲೂ ಅದೇ ಆಯಿತು.

"ಓದಿರೋದೇನೋ ಸಿಕ್ಕಾಪಟ್ಟೆ ಕಣೆ, ಬಾಯಿಗೆ ಬರ್ತಿಲ್ವಲ್ಲ" ಎಂದರು ಆಂಟಿ. "ಸೋಮವಾರ ಜುರಾಂಗ್ ವೆಸ್ಟ್‌ನಿಂದ ಸೀನಿಯರ್ಸ್ ಗ್ರೂಪ್ ಒಂದನ್ನ ಕರೆಸ್ತೀನಿ, ಅವ್ರ ಮುಂದೆ ಟ್ರೈ ಮಾಡು. ಆಗ್ಲಿಲ್ಲ ಅಂದ್ರೆ ಸ್ಲಾಟ್ ಬೇರೆಯವ್ರಿಗೆ ಕೊಡ್ಬೇಕಾಗತ್ತೆ."

ಎಂಆರ್‌ಟಿ ರೈಲಿನಲ್ಲಿ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡೇ ಬಂದೆ. ಐವತ್ತರ ಹತ್ತಿರ ಬಂದವಳಿಗೆ ಅದೊಂದು ಅವಕಾಶ ಅಷ್ಟು ಬೇಕಾಗಿತ್ತು.

ನನ್ನ ಪಾಲಿಗೆ ಬಂದದ್ದು ಡಮಾಸ್ಕಸ್‌ನ ಹಳೆಯದೊಂದು ಹಸ್ತಪ್ರತಿ. ಆ ಊರುಗಳಲ್ಲಿ ಪುಸ್ತಕವನ್ನು ಒಬ್ಬರೇ ಕೂತು ಓದಿಕೊಂಡರೆ ಓದಿದಂತಾಗುತ್ತಿರಲಿಲ್ಲ. ಗುರುವಿನ ಮುಂದೆ ಗಟ್ಟಿಯಾಗಿ ಓದಿ ಒಪ್ಪಿಸಬೇಕು, ಗುರುವಿನ ಗುರು, ಅವನ ಗುರು ಎಂದು ಹೆಸರುಗಳನ್ನೆಲ್ಲ ಹೇಳಬೇಕು. ಕೊನೆಗೆ, ಕೇಳಲು ಕೂತಿದ್ದವರ ಹೆಸರನ್ನೂ ಪುಸ್ತಕದ ಕೊನೆಯ ಪುಟದಲ್ಲಿ ಬರೆಯುತ್ತಿದ್ದರು. ತಡವಾಗಿ ಬಂದವರು, ನಡುವೆ ತೂಕಡಿಸಿದವರು ಕೂಡ ದಾಖಲು! ಇದನ್ನು ಓದಿ ನನಗೆ ನಮ್ಮ ಸಂಗೀತದ ಮೇಷ್ಟ್ರು ನೆನಪಾದರು. ಗುರುಮುಖೇನ ಕಲಿಯದ ಪಾಠ ಪಾಠವೇ ಅಲ್ಲ ಎನ್ನುತ್ತಿದ್ದರು. ಒಂದು ಸಾಲು ತಪ್ಪಿದರೆ ಅಂಗೈಯಿಂದ ನೆಲಕ್ಕೆ ಎರಡು ಸಲ ತಟ್ಟುತ್ತಿದ್ದರು. ಮತ್ತೆ ಮೊದಲಿಂದ ಹಾಡು ಎಂದು ಅರ್ಥ.

ಸೋಮವಾರ ಮ್ಯೂಸಿಯಂಗೆ ರಜೆ. ಮಧ್ಯಾಹ್ನ ಮೂರಕ್ಕೇ ಹೋದೆ. ಗಾರ್ಡ್ ಬಾಗಿಲು ತೆಗೆದ. ಹಸ್ತಪ್ರತಿಯ ಗಾಜಿನ ಪೆಟ್ಟಿಗೆಯ ಸುತ್ತ ಹತ್ತು ಹದಿನೈದು ಜನ ನೆಲದ ಮೇಲೆ ಕೂತಿದ್ದರು, ಬಾಗಿಲ ಬಳಿ ಚಪ್ಪಲಿಗಳ ಸಾಲು. ಆಂಟಿಯ ಗುಂಪು ಬೇಗ ಬಂದಿದೆ ಎಂದುಕೊಂಡು ನಾನೂ ಚಪ್ಪಲಿ ಬಿಟ್ಟು ಒಳಗೆ ಹೋದೆ. ನನಗೆ ಗೊತ್ತಿದ್ದ ಇಂಗ್ಲಿಷ್‌ನಲ್ಲೇ ಶುರು ಮಾಡಿದೆ. ಗುರುಗಳ ಹೆಸರಿನ ಸಾಲು ಹೇಳುವಾಗ ಎದುರಿಗಿದ್ದ ಬಿಳಿಗಡ್ಡದ ಹಿರಿಯರೊಬ್ಬರು ನೆಲಕ್ಕೆ ಎರಡು ಸಲ ಅಂಗೈ ತಟ್ಟಿದರು.

ಒಂದು ಹೆಸರು ಬಿಟ್ಟಿದ್ದೆ. ಹೆದರಿಕೆಯಾಗಲಿಲ್ಲ. ಮೇಷ್ಟ್ರ ಮುಂದೆ ನಿಂತ ಹುಡುಗಿಯ ಹಾಗೆ ಮೊದಲಿಂದ ಶುರು ಮಾಡಿ, ಎಲ್ಲೂ ಎಡವದೆ ಕೊನೆ ಮುಟ್ಟಿಸಿದೆ. ಎಲ್ಲರ ಮುಖದಲ್ಲೂ ನಗು. ಅಷ್ಟು ಸಂತೋಷ ನನಗೆ ಎಷ್ಟು ವರ್ಷದಿಂದ ಆಗಿರಲಿಲ್ಲವೋ! ಹಿರಿಯರು ಲೇಖನಿ ಹಿಡಿದು, ಹುಬ್ಬೇರಿಸಿ ನನ್ನನ್ನೇ ನೋಡಿದರು. ಹೆಸರು ಕೇಳುತ್ತಿದ್ದಾರೆ ಎಂದು ತಿಳಿಯಿತು. ನಾಚಿಕೆಯಾಗಿ, "ಒಂದು ನಿಮಿಷ" ಎಂದು ತಿರುಗಿ ಒಂದು ಗುಟುಕು ನೀರು ಕುಡಿದೆ. ಮತ್ತೆ ನೋಡಿದರೆ ನೆಲ ಖಾಲಿ. ಬಾಗಿಲಲ್ಲಿ ನನ್ನದೊಂದೇ ಜೊತೆ ಚಪ್ಪಲಿ.

ಆಂಟಿ ಒಳಗೆ ಬಂದರು. "ಯಾರ ಹತ್ರ ಮಾತಾಡ್ತಿದ್ಯೇ? ಗ್ರೂಪಿನ ಬಸ್ಸೇ ಇನ್ನೂ ಬಂದಿಲ್ಲ!"

ಬಸ್ಸು ಬಂತು. ನಲವತ್ತು ನಿಮಿಷ ಮಾತಾಡಿದೆ, ನಗಿಸಿದೆ ಕೂಡ. "ವೆರಿ ಗುಡ್ ಲಾ!" ಎಂದು ಒಬ್ಬ ಅಂಕಲ್ ಚಪ್ಪಾಳೆ ತಟ್ಟಿದರು. ಆಂಟಿ ನನ್ನನ್ನು ತಬ್ಬಿಕೊಂಡು, ಹಾಕರ್ ಸೆಂಟರ್‌ಗೆ ಕರೆದೊಯ್ದು ಹೊಟ್ಟೆ ತುಂಬ ತಿನ್ನಿಸಿದರು. ಸ್ಲಾಟ್ ನನ್ನದಾಯಿತು.

ತಿಂಗಳಾದ ಮೇಲೆ, ಅದುವರೆಗೆ ಯಾರೂ ಅನುವಾದಿಸದ ಕೊನೆಯ ಪುಟವನ್ನು ಓದಲು ಅರಬ್ಬಿ ಮೇಷ್ಟ್ರೊಬ್ಬರು ಬಂದರು. ಭೂತಗನ್ನಡಿ ಹಿಡಿದು ಒಂದೊಂದೇ ಸಾಲಿನ ಅರ್ಥ ಹೇಳಿದರು. ಹದಿನಾಲ್ಕು ಕೇಳುಗರು, ಅವರಲ್ಲೊಬ್ಬ ತೂಕಡಿಸಿದವ. ಕೊನೆಯಲ್ಲಿ ಇದು: ಹಿಂದ್ ದೇಶದಿಂದ ಬಂದ ಒಬ್ಬ ಹೆಂಗಸು ನಿಂತೇ ಓದಿದಳು, ಒಂದು ಹೆಸರು ಬಿಟ್ಟು ಮತ್ತೆ ಮೊದಲಿಂದ ಓದಿದಳು, ಇತರರಿಗೆ ಹೇಳಿಕೊಡಲು ಇವಳಿಗೆ ಅನುಮತಿ ಇದೆ. ಆಮೇಲೆ ಭೂತಗನ್ನಡಿ ಇಳಿಸಿ, ಇಂಥದ್ದು ನಾನು ಎಲ್ಲೂ ಕಂಡಿಲ್ಲ, ಅವಳ ಹೆಸರಿಗೆ ಜಾಗ ಬಿಟ್ಟು ಅದನ್ನು ಖಾಲಿಯಾಗಿಯೇ ಇಟ್ಟಿದ್ದಾರೆ ಎಂದರು.

"ಕಾಕತಾಳೀಯ ಕಣೇ" ಎಂದರು ನಮ್ಮೆಜಮಾನರು. ಇರಬಹುದು. ಬೇರೆ ಯಾರಾದರೂ ಹೇಳಿದ್ದರೆ ನಾನೂ ಅದನ್ನೇ ಹೇಳಿ ಕಾಫಿ ಮಾಡಲು ಎದ್ದು ಹೋಗುತ್ತಿದ್ದೆ.

ಪ್ರದರ್ಶನದ ಕೊನೆಯ ದಿನ ಎಲ್ಲರೂ ಹೋದ ಮೇಲೆ ಚಪ್ಪಲಿ ಬಿಟ್ಟು ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ. ನನ್ನ ಹೆಸರು, ಅಪ್ಪನ ಹೆಸರು, ಊರು ಮೈಸೂರು ಎಂದು ಗಟ್ಟಿಯಾಗಿ ಹೇಳಿದೆ. ಹೇಳಿ, ಒಬ್ಬಳೇ ನಕ್ಕೆ. ಹಸ್ತಪ್ರತಿ ಆ ವಾರವೇ ವಾಪಸು ಹೋಯಿತು. ಆ ಪುಟವನ್ನು ಇನ್ನೊಂದು ಸಲ ನೋಡಿ ಹೇಳಿ ಎಂದು ಯಾರನ್ನಾದರೂ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.